ಸೌತೆಕಾಯಿಗೆ ಉಪ್ಪು ಯಾವಾಗ ಹಾಕಬೇಕು?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಸಾಕು, ಓದುಗರು ಕೇಳುವ ಪ್ರಶ್ನೆಗಳು ಪ್ರತಿವರ್ಷವೂ ಅವೇ. ರಾಮನವಮಿಗೆ ಮಾಡಿದ ಕೋಸಂಬರಿ ಬಡಿಸುವ ಹೊತ್ತಿಗೆ ನೀರು ನೀರಾಯಿತು, ಏಕೆ? ಕಣ್ಣಿಗೆ ಎಳೆಯದಾಗಿ ಕಂಡ ಕಾಯಿ ಬಾಯಿಗೆ ಇಟ್ಟರೆ ಕಹಿ, ಅದೇಕೆ? ಫ್ರಿಜ್‌ನಲ್ಲಿಟ್ಟದ್ದು ನಾಲ್ಕೇ ದಿನಕ್ಕೆ ಲೋಳೆಯಾಯಿತಲ್ಲ? ಮಂಗಳೂರು ಸೌತೆಯನ್ನು ಹಸಿಯಾಗಿ ತಿನ್ನಬಹುದೇ? ಒಬ್ಬೊಬ್ಬರಿಗೆ ಒಂದೊಂದು ಸಾಲಿನ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ಈ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ. 100 ಗ್ರಾಂ ಸೌತೆಕಾಯಿಯಲ್ಲಿ ಸುಮಾರು 95 ಗ್ರಾಂ ನೀರೇ ಇರುತ್ತದೆ. ಆ ನೀರನ್ನು ಯಾವ ಅಡುಗೆಯಲ್ಲಿ ಒಳಗೇ ಉಳಿಸಿಕೊಳ್ಳಬೇಕು, ಯಾವುದರಲ್ಲಿ ಮೊದಲೇ ಹೊರಗೆ ತೆಗೆಯಬೇಕು, ಯಾವುದರಲ್ಲಿ ಹೊರಬಂದ ನೀರನ್ನೇ ಬಳಸಿಕೊಳ್ಳಬೇಕು ಎಂಬುದು ಗೊತ್ತಾದರೆ ಸೌತೆಕಾಯಿ ಕೈಗೆ ಬಗ್ಗುತ್ತದೆ. ಅದನ್ನು ಬಗ್ಗಿಸುವ ಹಗ್ಗವೆಂದರೆ ಉಪ್ಪು. ಉಪ್ಪು ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದು ಇಲ್ಲಿ ಮುಖ್ಯ.

ಬೇಕಾದರೆ ಈಗಲೇ ನೋಡಿ. ಒಂದು ಬಿಲ್ಲೆ ಕತ್ತರಿಸಿ ತಟ್ಟೆಯಲ್ಲಿಟ್ಟು ಮೇಲೆ ಚಿಟಿಕೆ ಪುಡಿಯುಪ್ಪು ಉದುರಿಸಿ. ಎರಡು ಮೂರು ನಿಮಿಷದಲ್ಲಿ ಹರಳು ಕರಗಿ, ಬಿಲ್ಲೆಯ ಮೈಮೇಲೆ ಬೆವರಿನಂತೆ ಹನಿಗಳು ಮೂಡುತ್ತವೆ. ಹತ್ತು ನಿಮಿಷದಲ್ಲಿ ಬಿಲ್ಲೆಯ ಸುತ್ತ ಸಣ್ಣ ಕೊಳ. ಬಿಲ್ಲೆಯನ್ನು ಎತ್ತಿ ಮಡಚಿದರೆ ಮುರಿಯದೆ ಬಾಗುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದುಕೊಳ್ಳುವ ಈ ಕ್ರಿಯೆಯನ್ನು ಶಾಲೆಯ ಪುಸ್ತಕದಲ್ಲಿ ಅಭಿಸರಣೆ ಎಂದು ಓದಿರುತ್ತೀರಿ. ನಿಮ್ಮ ಕೋಸಂಬರಿಯನ್ನು ಕೆಡಿಸಿದ್ದು ಇದೇ. ಮೊಸರುಬಜ್ಜಿಯನ್ನು ಕಾಪಾಡುವುದೂ ಇದೇ.

ಯಾವುದನ್ನು ಸೌತೆಕಾಯಿ ಎನ್ನುತ್ತಿದ್ದೇವೆ?

ಹಂತಗಳಿಗೆ ಹೋಗುವ ಮೊದಲು ಹೆಸರುಗಳ ಗೊಂದಲ ತೀರಲಿ. ನಮ್ಮಲ್ಲಿ ಒಂದೇ ಹೆಸರಿನಡಿ ಎರಡು ಬೇರೆ ತರಕಾರಿಗಳಿವೆ.

ಮೊದಲನೆಯದು ಹಸಿಯಾಗಿ ತಿನ್ನುವ ಸೌತೆ. ಹಳೆ ಮೈಸೂರಿನ ಕಡೆ ಎಳೆಸೌತೆ, ಕರಾವಳಿ ಮತ್ತು ಮಲೆನಾಡಿನಲ್ಲಿ ಮುಳ್ಳುಸೌತೆ, ಉತ್ತರ ಕರ್ನಾಟಕದಲ್ಲಿ ಸವತೆಕಾಯಿ. ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬರುವ ಉದ್ದನೆಯ ಇಂಗ್ಲಿಷ್ ಸೌತೆಯೂ ಇದೇ ಜಾತಿ. ಅದರಲ್ಲಿ ಬೀಜ ಇಲ್ಲವೆನ್ನುವಷ್ಟು ಕಡಿಮೆ, ಕಹಿಯೂ ಅಪರೂಪ. ಆದರೆ ಪರಿಮಳವೂ ಅಷ್ಟಕ್ಕಷ್ಟೇ ಎಂದು ನನಗೆ ಅನ್ನಿಸುತ್ತದೆ. ಬೆರಳುದ್ದದ ಮಿಡಿಸೌತೆ, ಅಂದರೆ ಘರ್ಕಿನ್, ಕೂಡ ಇದರ ಬಳಗವೇ. ಕರ್ನಾಟಕದ ರೈತರು ಇದನ್ನು ಕಂಪನಿಗಳ ಒಪ್ಪಂದದ ಮೇಲೆ ಬೆಳೆಯುತ್ತಾರೆ. ಬಹುಪಾಲು ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಮುಳುಗಿ ಹಡಗು ಹತ್ತುವುದರಿಂದ ನಮ್ಮ ಸಂತೆಯಲ್ಲಿ ಕಾಣಸಿಗುವುದು ಕಡಿಮೆ.

ಎರಡನೆಯದು ಮಂಗಳೂರು ಸೌತೆ ಅಥವಾ ಸಾಂಬಾರು ಸೌತೆ. ಉತ್ತರ ಕನ್ನಡದಲ್ಲಿ ಇದೇ ಮೊಗೆಕಾಯಿ. ದುಂಡಗೆ, ಹಳದಿ ಮೈ, ಮೇಲೆ ಹಸಿರು ಪಟ್ಟೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಕರಬೂಜದ ಜಾತಿಗೆ ಸೇರಿದ್ದು, ಎಳೆಸೌತೆಗೆ ದಾಯಾದಿ ಮಾತ್ರ. ಹಸಿಯಾಗಿ ತಿಂದರೆ ಅಪಾಯವೇನಿಲ್ಲ, ಆದರೆ ರುಚಿಯಿಲ್ಲ. ಬೇಯಿಸುವುದಕ್ಕೇ ಇರುವ ತರಕಾರಿ ಇದು.

ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಇಷ್ಟು: ಎಳೆಸೌತೆಯನ್ನು ಕಾಯಿ ಬಲಿಯುವ ಮೊದಲೇ ಕೊಯ್ಯುತ್ತಾರೆ, ಸಾಂಬಾರು ಸೌತೆಯನ್ನು ಬಲಿತು ಹಣ್ಣಾದ ಮೇಲೆ. ಆದ್ದರಿಂದ ಮೊದಲನೆಯದು ನಾಲ್ಕು ದಿನಕ್ಕೆ ಸೊರಗುತ್ತದೆ, ಎರಡನೆಯದು ಮಳೆಗಾಲದವರೆಗೂ ಅಟ್ಟದಲ್ಲಿ ತೂಗುತ್ತದೆ. ಮೃತ್ಯುಂಜಯ ಮಂತ್ರದ ‘ಉರ್ವಾರುಕ’ವನ್ನು ಸೌತೆಕಾಯಿ ಎಂದು ಅರ್ಥ ಹೇಳುತ್ತಾರೆ. ಬಳ್ಳಿಯಿಂದ ತಾನಾಗಿ ಕಳಚಿಕೊಳ್ಳುವ ಹಣ್ಣು ಅದು. ನಾವು ಕೋಸಂಬರಿಗೆ ತರುವ ಎಳೆಸೌತೆಗೆ ಆ ಭಾಗ್ಯವಿಲ್ಲ, ಅದನ್ನು ಕಿತ್ತೇ ತರಬೇಕು.

ಏನೇನು ಬೇಕು?

ಹರಿತವಾದ ಚಾಕು ಅಥವಾ ಈಳಿಗೆಮಣೆ, ತುರಿಯುವ ಮಣೆ, ನೀರು ಬಸಿಯಲು ತೂತಿನ ಪಾತ್ರೆ, ಒಂದು ತೆಳು ಹತ್ತಿಬಟ್ಟೆ. ಉಪ್ಪಿನಲ್ಲಿ ಕಲ್ಲುಪ್ಪು ಬೇಡ. ಅದು ಸಮನಾಗಿ ಹರಡುವುದಿಲ್ಲ, ಒಂದು ತುತ್ತು ಸಪ್ಪೆ, ಇನ್ನೊಂದು ತುತ್ತು ಉಪ್ಪು ಎಂದಾಗುತ್ತದೆ. ಪುಡಿಯುಪ್ಪೇ ಸರಿ. ಕೆಳಗಿನ ಅಳತೆಗಳೆಲ್ಲ ನಾಲ್ಕು ಜನರಿಗೆ.

ಹಂತ 1: ಆರಿಸುವುದು

ಎಳೆಸೌತೆ ಕೊಳ್ಳುವಾಗ ಉದ್ದ ನೋಡಬೇಡಿ, ಕೈಯಲ್ಲಿ ತೂಗಿ ನೋಡಿ. ಗಾತ್ರಕ್ಕಿಂತ ಭಾರವಾಗಿದ್ದರೆ ಒಳಗೆ ನೀರಿದೆ. ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ. ಸೌತೆಕಾಯಿ ಬಾಡುವುದು ತುದಿಯಿಂದ, ನಡು ಗಟ್ಟಿಯಾಗಿದ್ದರೂ ತುದಿ ಮೆತ್ತಗಿದ್ದರೆ ಬಿಟ್ಟುಬಿಡಿ. ಹೊಟ್ಟೆ ಉಬ್ಬಿ ಹಳದಿಗೆ ತಿರುಗಿದ್ದರೆ ಬೀಜ ಬಲಿತಿದೆ ಎಂದೇ ಲೆಕ್ಕ. ಅಂಥದ್ದು ದೋಸೆಗೆ ಆಗುತ್ತದೆ, ಕೋಸಂಬರಿಗೆ ಆಗದು. ನಾಟಿ ಕಾಯಿಯ ಮೈಮೇಲಿನ ಸಣ್ಣ ಮುಳ್ಳುಗಳು ಇನ್ನೂ ಚುಚ್ಚುವಂತಿದ್ದರೆ ತಂದು ಹೆಚ್ಚು ಹೊತ್ತಾಗಿಲ್ಲ.

ನಡುವೆ ಸಣಕಲಾಗಿ ತುದಿಯಲ್ಲಿ ದಪ್ಪಗಾದ, ವಕ್ರವಾದ ಕಾಯಿಗಳು ಸಾಮಾನ್ಯವಾಗಿ ನೀರು ಸರಿಯಾಗಿ ಸಿಗದೆಯೋ ಪರಾಗಸ್ಪರ್ಶ ಅರೆಬರೆಯಾಗಿಯೋ ಬೆಳೆದವು. ತಿನ್ನಬಾರದೆಂದಿಲ್ಲ, ಆದರೆ ಕಹಿ ಇರುವ ಸಾಧ್ಯತೆ ಹೆಚ್ಚು.

ಸಾಂಬಾರು ಸೌತೆಯಲ್ಲಿ ನೋಡಬೇಕಾದದ್ದು ಇದಕ್ಕೆ ತಿರುಗುಮುರುಗು. ಹಳದಿ ಬಣ್ಣ ಚೆನ್ನಾಗಿ ಕೂಡಿರಬೇಕು, ಸಿಪ್ಪೆ ಗಟ್ಟಿಯಿರಬೇಕು, ಎಲ್ಲೂ ಗಾಯವಾಗಿರಬಾರದು.

ಹಂತ 2: ಇಡುವುದು

ಫ್ರಿಜ್ ಎಲ್ಲ ತರಕಾರಿಗೂ ತವರುಮನೆ ಎಂದುಕೊಂಡಿರುವವರು ಇಲ್ಲಿ ಎಡವುತ್ತಾರೆ. ಎಳೆಸೌತೆಗೆ ಹಿತವಾದದ್ದು 10ರಿಂದ 12 ಡಿಗ್ರಿ ಸೆಲ್ಸಿಯಸ್. ಮನೆಯ ಫ್ರಿಜ್ ಒಳಗೆ ಇರುವುದು 4 ಡಿಗ್ರಿಯ ಆಸುಪಾಸು. ಮೂರು ದಿನಕ್ಕಿಂತ ಹೆಚ್ಚು ಆ ಚಳಿಯಲ್ಲಿ ಕೂತರೆ ಕಾಯಿಯ ಮೈ ಅಲ್ಲಲ್ಲಿ ಕುಳಿ ಬಿದ್ದು, ನೀರೂರಿ, ಲೋಳೆಯಾಗುತ್ತದೆ. ಇದನ್ನು ಶೀತಬಾಧೆ ಎನ್ನಬಹುದು. ತರಕಾರಿ ಕೊಳೆತಿತ್ತು ಎಂದು ನೀವು ಅಂಗಡಿಯವನನ್ನು ಬೈದಿರುತ್ತೀರಿ, ತಪ್ಪು ನಮ್ಮ ಫ್ರಿಜ್ಜಿನದು.

ಹೀಗೆ ಮಾಡಿ: ಎರಡು ದಿನಕ್ಕೆ ಬೇಕಾದಷ್ಟೇ ತನ್ನಿ. ತಂದ ಕೂಡಲೇ ತೊಳೆಯಬೇಡಿ. ಒಣಬಟ್ಟೆಯಲ್ಲೋ ಹಾಳೆಯಲ್ಲೋ ಸುತ್ತಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲಿಡಿ. ಫ್ರಿಜ್ ಇಲ್ಲದವರು ಒದ್ದೆಬಟ್ಟೆ ಸುತ್ತಿ ನೆರಳಿನಲ್ಲಿ, ನೆಲಕ್ಕೆ ಹತ್ತಿರ ಇಟ್ಟರೂ ಎರಡು ದಿನಕ್ಕೆ ಮೋಸವಿಲ್ಲ.

ಬಾಳೆಹಣ್ಣು, ಮಾವಿನಹಣ್ಣು, ಟೊಮೆಟೊ ಇರುವ ಬುಟ್ಟಿಯಲ್ಲಿ ಮಾತ್ರ ಇಡಬೇಡಿ. ಹಣ್ಣಾಗುವಾಗ ಅವು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಕಾಯಿಯನ್ನು ಹಣ್ಣು ಮಾಡುವ ಅನಿಲ ಅದು. ಅದು ತಾಗಿದ ಸೌತೆಕಾಯಿ ಬೇಗನೆ ಹಳದಿಯಾಗಿ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ಮನೆತುಂಬ ಮಾವಿನಹಣ್ಣು ಇರುವಾಗ ಇದನ್ನು ನೆನಪಿಡಿ.

ಹಂತ 3: ತೊಳೆದು, ತೊಟ್ಟು ತೆಗೆದು, ರುಚಿ ನೋಡುವುದು

ಹರಿಯುವ ನೀರಿನಲ್ಲಿ ಅಂಗೈಯಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯುವವರೂ ತೊಳೆಯಲೇಬೇಕು, ಇಲ್ಲದಿದ್ದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಸವರುತ್ತದೆ. ಸೋಪು ಬೇಡ.

ಈಗ ಕಹಿಯ ವಿಷಯ. ಸೋರೆ, ಹೀರೆ, ಸೌತೆಗಳ ವಂಶದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಸ್ತು ಇದೆ. ಕೀಟಗಳನ್ನು ದೂರವಿಡಲು ಗಿಡ ತಾನೇ ತಯಾರಿಸಿಕೊಳ್ಳುವುದು ಅದು. ಬಳ್ಳಿಗೆ ಬಿಸಿಲು ಜಾಸ್ತಿಯಾಗಿ ನೀರು ಕಡಿಮೆಯಾದರೆ ಕಾಯಿಯಲ್ಲೂ ಹೆಚ್ಚುತ್ತದೆ. ಬೇಸಿಗೆಯ ಕಾಯಿಯಲ್ಲೇ ಕಹಿಯ ದೂರು ಹೆಚ್ಚಾಗಿರುವುದು ಇದೇ ಕಾರಣಕ್ಕೆ. ಕುಂಡದಲ್ಲಿ ಬೆಳೆಯುವವರು ಒಂದು ದಿನ ನೀರು ಮರೆತು ಮರುದಿನ ಎರಡು ಪಾಲು ಸುರಿಯುವ ಅಭ್ಯಾಸ ಬಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ.

ಕಹಿ ಹೆಚ್ಚಾಗಿ ಸೇರಿಕೊಳ್ಳುವುದು ತೊಟ್ಟಿನ ಬಳಿ ಮತ್ತು ಸಿಪ್ಪೆಯ ಕೆಳಗೆ. ಆದ್ದರಿಂದ ತೊಟ್ಟಿನ ಕಡೆಯಿಂದ ಒಂದು ಅಂಗುಲ ಕತ್ತರಿಸಿ ತೆಗೆಯಿರಿ. ಮುಂದಿನ ತೆಳು ಬಿಲ್ಲೆಯನ್ನು ನಾಲಿಗೆಯ ಮೇಲಿಟ್ಟು ನೋಡಿ. ಪ್ರತಿ ಕಾಯಿಯನ್ನೂ ಹೀಗೆ ನೋಡಬೇಕು. ಒಂದು ಕಹಿ ಕಾಯಿ ನಾಲ್ಕು ಒಳ್ಳೆಯ ಕಾಯಿಗಳ ಕೋಸಂಬರಿಯನ್ನು ಹಾಳುಮಾಡುತ್ತದೆ.

ತುದಿ ಕತ್ತರಿಸಿ ಅದರಿಂದಲೇ ಉಜ್ಜಿ ನೊರೆ ತೆಗೆಯುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಉಜ್ಜುವುದು ನನಗೂ ಇಷ್ಟ, ಬಾಲ್ಯದ ಆಟ ಅದು. ಆದರೆ ಆ ನೊರೆ ಕತ್ತರಿಸಿದ ಜಾಗದಲ್ಲಿ ಒಸರುವ ರಸದ್ದು. ನೊರೆ ಬಂದ ಮಾತ್ರಕ್ಕೆ ಕಹಿಯೆಲ್ಲ ಹೊರಬಂತೆಂದು ತಿಳಿದು ರುಚಿ ನೋಡುವುದನ್ನು ಬಿಡಬೇಡಿ.

ಎಚ್ಚರಿಕೆ: ಸಣ್ಣ ಕಹಿಯಿದ್ದರೆ ಸಿಪ್ಪೆ ದಪ್ಪಗೆ ಹೆರೆದು, ಇನ್ನಷ್ಟು ಕತ್ತರಿಸಿ ಮತ್ತೆ ರುಚಿ ನೋಡಬಹುದು. ಬಾಯಿ ಹಿಂಡುವಷ್ಟು ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಬೇಯಿಸಿದರೆ, ಉಪ್ಪು ಹಾಕಿ ಹಿಂಡಿದರೆ, ಬೆಲ್ಲ ಹಾಕಿದರೆ ಆ ವಸ್ತು ಹೋಗುವುದಿಲ್ಲ. ಹೊಟ್ಟೆನೋವು, ವಾಂತಿ, ಭೇದಿ ಆಗುತ್ತವೆ. ಇದೇ ವಸ್ತುವಿರುವ ಕಹಿ ಸೋರೆಕಾಯಿಯ ರಸವನ್ನು ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿದು ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿದ್ದಾರೆ. ರಸ ಮಾಡುವವರು ಇನ್ನೂ ಹೆಚ್ಚು ಜಾಗ್ರತೆಯಿಂದಿರಬೇಕು, ಏಕೆಂದರೆ ನಿಂಬೆ, ಪುದೀನ, ಜೇನುತುಪ್ಪಗಳ ನಡುವೆ ಕಹಿ ಅಡಗಿಕೊಳ್ಳುತ್ತದೆ.

ಹಂತ 4: ಹೆಚ್ಚುವುದು

ಎಳೆಯದಾಗಿದ್ದು ಕಹಿಯಿಲ್ಲದಿದ್ದರೆ ಸಿಪ್ಪೆ ತೆಗೆಯಬೇಡಿ. ನಾರಿನಂಶ ಮತ್ತು ಕೆ ಜೀವಸತ್ವದ ಹೆಚ್ಚಿನ ಪಾಲು ಅಲ್ಲೇ ಇದೆ. ಸಿಪ್ಪೆ ದಪ್ಪಗಿದ್ದರೆ ಪಟ್ಟೆಪಟ್ಟೆಯಾಗಿ ಅರ್ಧ ತೆಗೆದರೆ ಸಾಕು. ಬೀಜ ಬಲಿತಿದ್ದರೆ ಕಾಯನ್ನು ಉದ್ದಕ್ಕೆ ಸೀಳಿ ಚಮಚದಿಂದ ಬೀಜದ ತಿರುಳನ್ನು ಕೆರೆದು ಬೇರೆ ಇಡಿ.

ಕೋಸಂಬರಿಗೆ ತುರಿಯಬೇಡಿ, ಕೊಚ್ಚಿ. ತುರಿಮಣೆ ಕಾಯಿಯನ್ನು ಹರಿದುಹಾಕುತ್ತದೆ, ನೀರು ಆಗಲೇ ಸುರಿಯತೊಡಗುತ್ತದೆ. ಕೊಚ್ಚುವುದನ್ನು ಈಗಿನವರು ಕಡಿಮೆ ನೋಡಿರಬಹುದು: ಕಾಯಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಮೇಲ್ತುದಿಗೆ ಚಾಕುವಿನ ಅಲಗಿನಿಂದ ಟಕಟಕನೆ ಹತ್ತಾರು ಏಟು ಹಾಕಿ, ಕೈ ತಿರುಗಿಸಿ ಅಡ್ಡಲಾಗಿ ಮತ್ತೆ ಹತ್ತಾರು ಏಟು. ಆಮೇಲೆ ಆ ತುದಿಯನ್ನು ತೆಳುವಾಗಿ ಸವರಿದರೆ ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರುಗಳು ಪಾತ್ರೆಗೆ ಉದುರುತ್ತವೆ. ಮತ್ತೆ ಏಟು, ಮತ್ತೆ ಸವರು. ಮದುವೆ ಮನೆಯಲ್ಲಿ ಹತ್ತು ಜನ ಕೂತು ಕೊಚ್ಚುವ ಸದ್ದು ಕೇಳಿದವರಿಗೆ ಮರೆಯುವುದಿಲ್ಲ. ಅಭ್ಯಾಸವಿಲ್ಲದವರು ಕೈಯಲ್ಲಿ ಹಿಡಿದು ಈ ಸಾಹಸಕ್ಕೆ ಇಳಿಯಬೇಡಿ, ಮಣೆಯ ಮೇಲಿಟ್ಟೇ ಸಣ್ಣಗೆ ಹೆಚ್ಚಿಕೊಳ್ಳಿ. ಫಲ ಒಂದೇ.

ಹಂತ 5: ನೀರು ಒಳಗೇ ಇರಲಿ (ಕೋಸಂಬರಿ)

ಅರ್ಧ ಬಟ್ಟಲು ಹೆಸರುಬೇಳೆ, ಮಧ್ಯಮ ಗಾತ್ರದ ಎರಡು ಎಳೆಸೌತೆ, ಕಾಲು ಬಟ್ಟಲು ಹಸಿ ತೆಂಗಿನತುರಿ, ಎರಡು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ಒಗ್ಗರಣೆಗೆ ಎಣ್ಣೆ, ಸಾಸಿವೆ, ಇಂಗು, ಕರಿಬೇವು.

ಬೇಳೆಯನ್ನು ತೊಳೆದು ಮುಕ್ಕಾಲು ಗಂಟೆ ನೆನೆಸಿ. ಉಗುರಿನಿಂದ ಒತ್ತಿದರೆ ತುಂಡಾಗಬೇಕು, ಹಿಟ್ಟಾಗಬಾರದು. ರಾತ್ರಿಯಿಡೀ ನೆನೆಸಿದ ಬೇಳೆ ಕೋಸಂಬರಿಗೆ ಬರುವುದಿಲ್ಲ, ಬೇಸಿಗೆಯಲ್ಲಿ ವಾಸನೆಯೂ ಬಂದಿರುತ್ತದೆ. ನೆಂದ ಬೇಳೆಯನ್ನು ತೂತಿನ ಪಾತ್ರೆಗೆ ಸುರಿದು, ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿ. ನೀರಾಯಿತೆಂದು ಸೌತೆಕಾಯಿಯನ್ನು ದೂರುವವರಲ್ಲಿ ಅನೇಕರು ಬೇಳೆಯನ್ನು ಬಸಿದಿರುವುದೇ ಇಲ್ಲ.

ಒಗ್ಗರಣೆಯನ್ನು ಮೊದಲೇ ಮಾಡಿ ಆರಲು ಬಿಡಿ. ಬಿಸಿ ಎಣ್ಣೆ ತಾಗಿದ ಸೌತೆಚೂರು ಬಾಡುತ್ತದೆ. ಆರಿದ ಒಗ್ಗರಣೆ, ಬೇಳೆ, ಸೌತೆಕಾಯಿ, ತೆಂಗಿನತುರಿ, ಮೆಣಸಿನಕಾಯಿ, ಕೊತ್ತಂಬರಿಯನ್ನು ಬೆರೆಸಿಡಿ. ಈ ಸ್ಥಿತಿಯಲ್ಲಿ ಮುಚ್ಚಿಟ್ಟರೆ ಒಂದು ಗಂಟೆ ನಿಶ್ಚಿಂತೆ.

ಉಪ್ಪು ಮತ್ತು ನಿಂಬೆರಸ ಬೀಳಬೇಕಾದದ್ದು ಎಲೆ ಹಾಕಿದ ಮೇಲೆ. ಅದಕ್ಕಿಂತ ಒಂದು ಕ್ಷಣವೂ ಮೊದಲಲ್ಲ. ನೂರಾರು ಜನರ ಊಟವಾದರೆ ಒಂದು ಪಂಕ್ತಿಗೆ ಬೇಕಾದಷ್ಟನ್ನು ಬೇರೆ ಪಾತ್ರೆಗೆ ತೆಗೆದು ಅದಕ್ಕೆ ಮಾತ್ರ ಉಪ್ಪು ಬೆರೆಸಿ. ಒಂದೇ ಸಲ ಕೊಳಗಕ್ಕೆ ಉಪ್ಪು ಸುರಿದರೆ ಮೂರನೆಯ ಪಂಕ್ತಿಯವರ ಎಲೆಯಲ್ಲಿ ಕೋಸಂಬರಿಯ ನೀರು ಪಲ್ಯ ದಾಟಿ ಪಾಯಸದ ಕಡೆಗೆ ಹರಿಯುತ್ತಿರುತ್ತದೆ.

ಉಳಿದ ಕೋಸಂಬರಿಯನ್ನು ರಾತ್ರಿಗೆ ಎತ್ತಿಡಬೇಡಿ. ಹಸಿ ತೆಂಗಿನಕಾಯಿ ಮತ್ತು ನೆಂದ ಬೇಳೆ ಸೆಕೆಯಲ್ಲಿ ಎರಡು ಮೂರು ಗಂಟೆಗೇ ಹಳಸುತ್ತವೆ. ಬಾಣಲೆಗೆ ಹಾಕಿ ಬೇಯಿಸಿದರೆ ಪಲ್ಯವಾಗುತ್ತದೆ, ಚೆನ್ನಾಗಿಯೇ ಇರುತ್ತದೆ.

ಉಪ್ಪನ್ನೇ ಮುಟ್ಟದ ದಾರಿಯೂ ಇದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಊಟದಲ್ಲಿ ಸವತೆಕಾಯಿ, ಹಸಿ ಈರುಳ್ಳಿ, ಮೆಂತ್ಯದ ಸೊಪ್ಪು ತಟ್ಟೆಯ ಬದಿಗೆ ಹಾಗೆಯೇ ಕೂತಿರುತ್ತವೆ. ಖಾರದ ಎಣ್ಣೆಗಾಯಿ ಒಂದು ತುತ್ತು, ಸವತೆಕಾಯಿ ಒಂದು ಕಡಿ. ಉಪ್ಪು, ಖಾರ ಪಲ್ಯದಲ್ಲೇ ಇರುವಾಗ ಕಾಯಿಗೆ ಬೇರೆ ಏಕೆ? ನನ್ನನ್ನು ಕೇಳಿದರೆ ಎಳೆಯ ಕಾಯಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಹಂತ 6: ನೀರು ಮೊದಲೇ ಹೊರಗೆ (ಮೊಸರುಬಜ್ಜಿ, ಸಾಸಿವೆ)

ಮೊಸರುಬಜ್ಜಿಗೆ ಲೆಕ್ಕ ತಲೆಕೆಳಗು. ಎರಡು ಕಾಯಿ ತುರಿದು ಅರ್ಧ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಹಿಂಡಿದ ತುರಿಗೆ ಗಟ್ಟಿ ಮೊಸರು ಬೆರೆಸಿದರೆ ಸಂಜೆಯವರೆಗೂ ಗಟ್ಟಿಯಾಗಿಯೇ ಇರುತ್ತದೆ. ತುರಿಯಲ್ಲಿ ಉಪ್ಪು ಉಳಿದಿರುವುದರಿಂದ ರುಚಿ ನೋಡದೆ ಮತ್ತೆ ಉಪ್ಪು ಹಾಕಬೇಡಿ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಅದೇ.

ಹಿಂಡಿದ ನೀರನ್ನು ಚೆಲ್ಲಬಾರದು. ನೀರುಮಜ್ಜಿಗೆಗೆ ಸುರಿದು ಶುಂಠಿ, ಕರಿಬೇವು ಜಜ್ಜಿ ಹಾಕಿ. ಅಥವಾ ಅಕ್ಕಿರೊಟ್ಟಿಯ ಹಿಟ್ಟನ್ನು ಅದರಲ್ಲೇ ಕಲಸಿ.

ಮಲೆನಾಡಿನ ಮುಳ್ಳುಸೌತೆ ಸಾಸಿವೆ ಇದರ ಅಕ್ಕ. ಎರಡು ಬಟ್ಟಲು ಸಣ್ಣಗೆ ಹೆಚ್ಚಿದ ಮುಳ್ಳುಸೌತೆಗೆ ಉಪ್ಪು ಸವರಿ ಬಸಿಯಲು ಬಿಡಿ. ಅರ್ಧ ಬಟ್ಟಲು ತೆಂಗಿನತುರಿಯನ್ನು ಒಂದು ಒಣಮೆಣಸಿನಕಾಯಿಯೊಂದಿಗೆ ತಣ್ಣೀರು ಹಾಕಿ ನುಣ್ಣಗೆ ರುಬ್ಬಿ. ಕೊನೆಗೆ ಅರ್ಧ ಚಮಚ ಹಸಿ ಸಾಸಿವೆ ಹಾಕಿ ಮಿಕ್ಸಿಯನ್ನು ಎರಡು ಸುತ್ತು ಮಾತ್ರ ತಿರುಗಿಸಿ. ಸಾಸಿವೆಯ ಘಾಟು ಕಾಳು ಒಡೆದು ನೀರು ಸೇರಿದಾಗ ಹುಟ್ಟುತ್ತದೆ. ಮೊದಲೇ ಹಾಕಿ ಬಹಳ ಹೊತ್ತು ರುಬ್ಬಿದರೆ ಘಾಟು ಹೋಗಿ ಕಹಿ ಉಳಿಯುತ್ತದೆ. ಸೌತೆಕಾಯಿ ಕಹಿಯಾಗಿತ್ತು ಎಂದು ನನಗೆ ಬರೆದವರಲ್ಲಿ ಕೆಲವರದು ಸಾಸಿವೆಯ ಕಹಿ! ರುಬ್ಬಿದ್ದನ್ನು ಹೋಳುಗಳಿಗೆ ಬೆರೆಸಿ, ಅರ್ಧ ಬಟ್ಟಲು ಮೊಸರು ಸೇರಿಸಿ. ಒಲೆಯ ಮೇಲೆ ಇಡುವಂತಿಲ್ಲ. ಬಿಸಿ ಅನ್ನಕ್ಕೆ ಕಲಸಿದಾಗ ಮೂಗಿಗೆ ಏರುವ ಆ ಘಾಟು ಮೇ ತಿಂಗಳ ಮಧ್ಯಾಹ್ನದ ಮಂಕನ್ನೂ ಬಿಡಿಸುತ್ತದೆ.

ಹಂತ 7: ನೀರೇ ಬಂಡವಾಳ (ದೋಸೆ)

ಬಲಿತ, ಹೊಟ್ಟೆ ಉಬ್ಬಿದ ಕಾಯಿಗಳಿಗೆ ಇದೇ ಜಾಗ. ಎರಡು ಬಟ್ಟಲು ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನೀರು ಪೂರ್ತಿ ಬಸಿಯಿರಿ. ಎರಡು ಬಟ್ಟಲು ಮುಳ್ಳುಸೌತೆ ಹೋಳು ಸೇರಿಸಿ ರುಬ್ಬಿ. ನೀರು ಹಾಕಬೇಡಿ. ಮೊದಲ ನಿಮಿಷ ಮಿಕ್ಸಿ ಮುಕ್ಕುತ್ತದೆ, ನಿಮಗೂ ಅನುಮಾನ ಬರುತ್ತದೆ, ಕೈ ತಂಬಿಗೆಯ ಕಡೆ ಹೋಗುತ್ತದೆ. ತಡೆಯಿರಿ. ಸೌತೆಕಾಯಿ ಒಡೆಯುತ್ತಿದ್ದಂತೆ ಅದರ ನೀರಿನಲ್ಲೇ ಹಿಟ್ಟು ಸಡಿಲಾಗುತ್ತದೆ. ಉಪ್ಪು ಬೆರೆಸಿ, ನೀರುದೋಸೆಗಿಂತ ತುಸು ಗಟ್ಟಿಯಾಗಿರಲಿ.

ಹುದುಗು ಬರಬೇಕಿಲ್ಲ. ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟು ಬಿದ್ದಾಗ ಚುಂಯ್ ಎಂದು ತೂತುಗಳು ಏಳಬೇಕು. ಮುಚ್ಚಿ ಬೇಯಿಸಿ, ಮಗುಚುವುದು ಬೇಡ. ದೋಸೆ ಹರಿಯುತ್ತಿದ್ದರೆ ಸೌತೆ ಹೆಚ್ಚಾಗಿದೆ, ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ. ರುಬ್ಬಿದ ಹಿಟ್ಟನ್ನು ಮರುದಿನಕ್ಕೆ ಇಟ್ಟರೆ ನೀರು ಬೇರೆಯಾಗಿ ಹುಳಿ ಬರುತ್ತದೆ. ಹವ್ಯಕರ ಮನೆಗಳಲ್ಲಿ ಇಂಥ ತೆಳ್ಳನೆಯ ದೋಸೆಗೆ ತೆಳ್ಳೇವು ಎನ್ನುತ್ತಾರೆ. ಜೊತೆಗೆ ಜೋನಿಬೆಲ್ಲ, ತುಪ್ಪ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಇದೇ ತುರಿಯನ್ನು ರವೆ, ಬೆಲ್ಲ, ತೆಂಗಿನಕಾಯಿಯೊಂದಿಗೆ ಕಲಸಿ ಹಬೆಯಲ್ಲಿ ಬೇಯಿಸಿ ತವ್ಸಳಿ ಮಾಡುತ್ತಾರೆ. ಅಲ್ಲಿಯೂ ನೀರು ಹೊರಗಿನಿಂದ ಬೇಕಾಗುವುದಿಲ್ಲ.

ನಡುವೆ ಆರೋಗ್ಯದ ಮಾತು

ಸೌತೆಕಾಯಿ ದೇಹಕ್ಕೆ ತಂಪು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಲೆಕ್ಕ ಗೊತ್ತಿರಲಿ. ಕಾಲು ಕಿಲೋ ಸೌತೆಕಾಯಿ ತಿಂದರೆ ಒಂದು ಲೋಟದಷ್ಟು ನೀರು ಒಳಗೆ ಹೋಗುತ್ತದೆ. 100 ಗ್ರಾಂಗೆ 15 ಕ್ಯಾಲೊರಿಯ ಆಸುಪಾಸು, ಒಂದಿಷ್ಟು ಪೊಟ್ಯಾಸಿಯಂ, ಕೆ ಜೀವಸತ್ವ. ಹೊಟ್ಟೆ ತುಂಬಿದಂತಾಗುತ್ತದೆ, ತೂಕ ಏರುವುದಿಲ್ಲ. ಸಂಜೆ ಕರಿದ ತಿಂಡಿಯ ಬದಲು ಇದನ್ನು ತಿನ್ನುವವರಿಗೆ ನಿಜವಾದ ಲಾಭ ಅಲ್ಲಿದೆ.

ನೀರು ಕುಡಿಯುವುದಕ್ಕೆ ಇದು ಬದಲಿಯಲ್ಲ. ಬಿಸಿಲಿನಲ್ಲಿ ದುಡಿದು ತಲೆ ಸುತ್ತುತ್ತಿದ್ದರೆ, ಭೇದಿಯಿಂದ ನಿತ್ರಾಣವಾಗಿದ್ದರೆ ಬೇಕಾದದ್ದು ಉಪ್ಪು ಸಕ್ಕರೆ ಸರಿಯಾದ ಪ್ರಮಾಣದಲ್ಲಿರುವ ಓಆರ್‌ಎಸ್, ಮತ್ತು ವೈದ್ಯರು. ರಾತ್ರಿಯಿಡೀ ನೀರಿನಲ್ಲಿ ಸೌತೆಬಿಲ್ಲೆ ತೇಲಿಬಿಟ್ಟು ಬೆಳಿಗ್ಗೆ ಕುಡಿದರೆ ದೇಹದ ವಿಷವೆಲ್ಲ ಹೊರಹೋಗುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಆ ಕೆಲಸಕ್ಕೆ ಮೂತ್ರಪಿಂಡ, ಯಕೃತ್ತು ಇವೆ. ನೀರಿಗೆ ಒಳ್ಳೆಯ ಪರಿಮಳ ಬರುತ್ತದೆ, ಅಷ್ಟಕ್ಕೆ ಕುಡಿಯಿರಿ.

ರಸ್ತೆಬದಿಯ ಗಾಡಿಯಲ್ಲಿ ಸೀಳಿ ಉಪ್ಪುಖಾರ ಸವರಿ ಕೊಡುವ ಸೌತೆಕಾಯಿ ನನಗೂ ಪ್ರಿಯ. ಒಂದೇ ನಿಯಮ: ಮೊದಲೇ ಕತ್ತರಿಸಿ ನೀರು ಚಿಮುಕಿಸಿಟ್ಟದ್ದು ಬೇಡ, ನಿಮ್ಮ ಕಣ್ಣೆದುರು ಇಡೀ ಕಾಯಿಯನ್ನು ತೊಳೆದು ಸೀಳಿಸಿಕೊಳ್ಳಿ. ರಕ್ತದೊತ್ತಡ ಇರುವವರು ಉಪ್ಪು ಬೇಡವೆನ್ನಿ, ಖಾರದಪುಡಿ ನಿಂಬೆಯೇ ಸಾಕು.

ಹಂತ 8: ಸಾಂಬಾರು ಸೌತೆ

ಇಲ್ಲಿ ಉಪ್ಪಿನ ಚಿಂತೆ ಬಿಡಿ, ಹುಣಸೆಹುಳಿಯ ಚಿಂತೆ ಮಾಡಿ. ತೊಗರಿಬೇಳೆ ಬೇಯಿಸಿಕೊಂಡು, ಸಿಪ್ಪೆ ಸಹಿತ ಅಂಗುಲದ ಹೋಳುಗಳನ್ನು ಬೇರೆಯಾಗಿ ಕಡಿಮೆ ನೀರಿನಲ್ಲಿ ಬೇಯಿಸಿ. ಹೋಳಿನ ಅಂಚು ಗಾಜಿನಂತೆ ಪಾರದರ್ಶಕವಾದ ಮೇಲಷ್ಟೇ ಹುಣಸೆರಸ ಹಾಕಿ. ಹುಳಿ ಮೊದಲೇ ಬಿದ್ದರೆ ಹೋಳು ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ಬೇಳೆ, ರುಬ್ಬಿದ ತೆಂಗಿನ ಮಸಾಲೆ, ಒಂದು ಕುದಿ. ದಕ್ಷಿಣ ಕನ್ನಡದ ಕೊದ್ದೆಲ್ ಆದರೆ ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ.

ಬೇಯಿಸುವ ಮೊದಲು ಇದರಲ್ಲೂ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಕಾಯಿ ಇಲ್ಲೂ ಬರುತ್ತದೆ, ಹುಳಿಯ ಕೊಪ್ಪರಿಗೆಯಿಡೀ ಹೋಗುತ್ತದೆ.

ಸಿಪ್ಪೆ ಗಡುಸಾಗಿದ್ದರೆ ದಪ್ಪಗೆ ಹೆರೆದು ಚಟ್ನಿಗೆ ಇಡಿ: ಎಣ್ಣೆಯಲ್ಲಿ ಉದ್ದಿನಬೇಳೆ, ಒಣಮೆಣಸು ಹುರಿದು, ಸಿಪ್ಪೆಯನ್ನು ಬಾಡಿಸಿ, ಹುಣಸೆ, ತೆಂಗಿನಕಾಯಿಯೊಂದಿಗೆ ರುಬ್ಬಿ. ಬೀಜ ಕೂಡಿದ ತಿರುಳನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ರುಬ್ಬಿ ಸೋಸಿ. ಬಂದ ಹಾಲಿನಂಥ ರಸಕ್ಕೆ ರುಬ್ಬಿದ ತೆಂಗಿನಕಾಯಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಸೋಸುವುದನ್ನು ಮಾತ್ರ ತಪ್ಪಿಸಬೇಡಿ, ಬೀಜದ ಹೊಟ್ಟು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಒಟ್ಟಿಗೆ ಐದಾರು ಕಾಯಿ ಸಿಕ್ಕಿದರೆ ಬಿಡಬೇಡಿ, ಇದು ಕೂಡಿಡುವ ತರಕಾರಿ. ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ಬೆಳೆದು, ಬಾಳೆನಾರಿನಿಂದ ಒಂದೊಂದನ್ನೂ ಕಟ್ಟಿ ಅಟ್ಟದ ಪಕಾಸಿಗೆ ನೇತುಹಾಕುತ್ತಿದ್ದರು. ತರಕಾರಿ ಸಿಗದ ಆಷಾಢದ ಮಳೆಯಲ್ಲಿ ಒಂದೊಂದೇ ಕೆಳಗಿಳಿಯುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಪಕಾಸು ಎಲ್ಲಿಂದ ಬರಬೇಕು? ಬಲೆಚೀಲದಲ್ಲಿ ಒಂದೊಂದನ್ನೇ ತೂಗುಹಾಕಿ, ಅಥವಾ ಗಾಳಿಯಾಡುವ ಕಪಾಟಿನಲ್ಲಿ ಒಂದಕ್ಕೊಂದು ತಾಗದಂತೆ ಹಾಳೆಯ ಮೇಲಿಡಿ. ತೊಟ್ಟು ಮುರಿಯಬೇಡಿ, ತೊಳೆಯಬೇಡಿ, ಗಾಯವಾದದ್ದನ್ನು ಸೇರಿಸಬೇಡಿ. ವಾರಕ್ಕೊಮ್ಮೆ ತಿರುಗಿಸಿ ತಳ ಮುಟ್ಟಿ ನೋಡಿ. ಬೆರಳು ಎಲ್ಲಾದರೂ ಒಳಗಿಳಿದರೆ ಆ ಕಾಯಿಯನ್ನು ಅಂದೇ ಹೆಚ್ಚಿ, ಕೆಟ್ಟ ಭಾಗ ತೆಗೆದು, ವಾಸನೆ ಬಾರದಿದ್ದರೆ ಉಳಿದದ್ದನ್ನು ಹುಳಿಗೆ ಹಾಕಿ.